ಆರು ಗೆಲುವು, ಒಂದು ಪಟ್ಟಿ: ಅನಂತಕುಮಾರ ಹೆಗಡೆ ರಾಜಕಾರಣದ ಏರು ಮತ್ತು ಇಳಿ

2024ರ ಮಾರ್ಚ್ 24, ಭಾನುವಾರ. ಲೋಕಸಭಾ ಚುನಾವಣೆಗೆ ಬಿಜೆಪಿ ತನ್ನ ಐದನೇ ಪಟ್ಟಿಯನ್ನು ದೆಹಲಿಯಲ್ಲಿ ಬಿಡುಗಡೆ ಮಾಡಿತು. 111 ಹೆಸರುಗಳ ಆ ಪಟ್ಟಿಯಲ್ಲಿ ಕರ್ನಾಟಕದ ನಾಲ್ಕು ಕ್ಷೇತ್ರಗಳಿದ್ದವು. ಉತ್ತರ ಕನ್ನಡದ ಮುಂದೆ ಇದ್ದ ಹೆಸರು ವಿಶ್ವೇಶ್ವರ ಹೆಗಡೆ ಕಾಗೇರಿ. ಅದೇ ಕ್ಷೇತ್ರದಿಂದ ಆರು ಸಲ ಗೆದ್ದಿದ್ದ, ಐದು ವರ್ಷಗಳ ಹಿಂದಷ್ಟೇ ಸುಮಾರು 4.8 ಲಕ್ಷ ಮತಗಳ ಅಂತರದಿಂದ ಆರಿಸಿ ಬಂದಿದ್ದ ಅನಂತಕುಮಾರ ಹೆಗಡೆ ಅವರ ಹೆಸರು ಇರಲಿಲ್ಲ. ಉತ್ತರ ಪ್ರದೇಶದ ಪಿಲಿಭಿತ್‌ನಲ್ಲಿ ವರುಣ್ ಗಾಂಧಿ ಅವರಿಗೂ ಟಿಕೆಟ್ ತಪ್ಪಿದ್ದು ಇದೇ ಪಟ್ಟಿಯಲ್ಲಿ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಜನರಿಗೆ ಇದು ಸಣ್ಣ ಸುದ್ದಿಯಲ್ಲ. 1996ರ ನಂತರ ಮತದಾರರ ಪಟ್ಟಿಗೆ ಸೇರಿದ ಒಂದು ಇಡೀ ತಲೆಮಾರಿಗೆ ‘ಎಂಪಿ’ ಎಂದರೆ ಕಣ್ಣ ಮುಂದೆ ಬರುತ್ತಿದ್ದುದು ಒಬ್ಬರೇ. 28 ವರ್ಷಗಳಲ್ಲಿ ಐದು ವರ್ಷ ಬಿಟ್ಟರೆ ಉಳಿದ ಅಷ್ಟೂ ಕಾಲ ಅವರೇ ಸಂಸದರು. ಚುನಾವಣೆಯಲ್ಲಿ ಸೋತು ಮನೆಗೆ ಹೋಗುವುದು ರಾಜಕಾರಣದಲ್ಲಿ ಸಹಜ. ಗೆಲ್ಲುತ್ತಲೇ ಇದ್ದವರು ಕಣಕ್ಕೇ ಇಳಿಯದಂತಾಗುವುದು ಅಪರೂಪ. ಅದು ಹೇಗಾಯಿತು ಎಂಬುದನ್ನು ತಿಳಿಯಲು ಈ ಜಿಲ್ಲೆಯ ಮೂರು ದಶಕಗಳ ರಾಜಕಾರಣವನ್ನೇ ಒಮ್ಮೆ ನೋಡಬೇಕು.

ಹೆಗಡೆಗೆ ಮೊದಲಿನ ಕ್ಷೇತ್ರ

2008ರ ಕ್ಷೇತ್ರ ಮರುವಿಂಗಡಣೆಗೆ ಮುಂಚೆ ಈ ಕ್ಷೇತ್ರದ ಹೆಸರು ಕೆನರಾ. 1952, 1957, 1962ರಲ್ಲಿ ಇಲ್ಲಿಂದ ಗೆದ್ದವರು ಸ್ವಾತಂತ್ರ್ಯ ಹೋರಾಟಗಾರ, ಪತ್ರಕರ್ತ ಜೋಕಿಂ ಆಳ್ವ. 1967ರಲ್ಲಿ ಜಿಲ್ಲೆ ಕಾಂಗ್ರೆಸ್ಸನ್ನು ಬದಿಗಿಟ್ಟು ಪಕ್ಷೇತರರೊಬ್ಬರನ್ನು ಆರಿಸಿತು. ಅವರು ಚುಟುಕು ಕವಿ ದಿನಕರ ದೇಸಾಯಿ. ಗೇಣಿದಾರ ರೈತರ ಪರವಾಗಿ ಹೋರಾಡಿ ಬ್ರಿಟಿಷರ ಕಾಲದಲ್ಲಿ ಜಿಲ್ಲೆಯಿಂದಲೇ ಗಡೀಪಾರಾಗಿದ್ದವರು. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಹಳ್ಳಿಹಳ್ಳಿಗೆ ಹೈಸ್ಕೂಲು ತಂದವರು. 1980ರಿಂದ ಸತತ ನಾಲ್ಕು ಚುನಾವಣೆಗಳಲ್ಲಿ ಗೆದ್ದವರು ಕಾಂಗ್ರೆಸ್ಸಿನ ಜಿ. ದೇವರಾಯ ನಾಯ್ಕ. 1989ರಲ್ಲಿ ಕೈಗಾ ಅಣುಸ್ಥಾವರವನ್ನು ವಿರೋಧಿಸಿ ಶಿವರಾಮ ಕಾರಂತರು ಇಲ್ಲಿ ಸ್ಪರ್ಧಿಸಿ ಸೋತರು.

ಸಿದ್ದಾಪುರ ತಾಲ್ಲೂಕಿನ ದೊಡ್ಮನೆಯಿಂದ ಬಂದ ರಾಮಕೃಷ್ಣ ಹೆಗಡೆ 1983ರಲ್ಲಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿಯಾದರು. ಹವ್ಯಕರು, ನಾಮಧಾರಿಗಳು, ಹಾಲಕ್ಕಿ ಒಕ್ಕಲಿಗರು, ಮರಾಠರು, ಮೀನುಗಾರ ಸಮುದಾಯಗಳು, ಭಟ್ಕಳದ ನವಾಯತ ಮುಸ್ಲಿಮರು, ಯಲ್ಲಾಪುರ–ಹಳಿಯಾಳ ಕಾಡಿನ ಸಿದ್ದಿಗಳು ಎಲ್ಲರೂ ಇರುವ ಈ ಜಿಲ್ಲೆಯಲ್ಲಿ ಯಾವ ಒಂದು ಜಾತಿಯ ಬಲದಿಂದಲೂ ಲೋಕಸಭೆ ಗೆಲ್ಲಲಾಗದು. ಘಟ್ಟದ ಮೇಲಿನವರನ್ನೂ ಕೆಳಗಿನವರನ್ನೂ ಒಂದೇ ಕಡೆಗೆ ಸೆಳೆಯುವ ಒಂದು ವಿಷಯ ಬೇಕು. 1990ರ ದಶಕದಲ್ಲಿ ಬಿಜೆಪಿಗೆ ಅದು ಸಿಕ್ಕಿತು.

28 ತುಂಬುವ ತಿಂಗಳಲ್ಲಿ ಸಂಸದ

ಅನಂತಕುಮಾರ ಹೆಗಡೆ ಹುಟ್ಟಿದ್ದು 1968ರ ಮೇ 20ರಂದು, ಶಿರಸಿಯಲ್ಲಿ. ಓದಿದ್ದು ಅಲ್ಲಿನ ಎಂ.ಎಂ. ಕಲಾ ಮತ್ತು ವಿಜ್ಞಾನ ಕಾಲೇಜಿನಲ್ಲಿ. ಆರೆಸ್ಸೆಸ್, ಎಬಿವಿಪಿ, ಹಿಂದೂ ಜಾಗರಣ ವೇದಿಕೆ ಅವರು ಬೆಳೆದ ಅಂಗಳಗಳು. ಹುಬ್ಬಳ್ಳಿಯ ಈದ್ಗಾ ಮೈದಾನದಲ್ಲಿ ರಾಷ್ಟ್ರಧ್ವಜ ಹಾರಿಸುವ ಹೋರಾಟ 1994ರಲ್ಲಿ ತಾರಕಕ್ಕೇರಿತು. ಆ ವರ್ಷದ ಆಗಸ್ಟ್ 15ರಂದು ಪೊಲೀಸ್ ಗೋಲಿಬಾರಿನಲ್ಲಿ ಜೀವಗಳು ಹೋದವು. ಶಿರಸಿಯ ಈ ಯುವಕನ ಹೆಸರು ಜಿಲ್ಲೆಯ ಗಡಿ ದಾಟಿದ್ದು ಆ ಹೋರಾಟದಲ್ಲಿ.

ಅದೇ ಹೊತ್ತಿಗೆ ಭಟ್ಕಳ ಹೊತ್ತಿ ಉರಿದಿತ್ತು. 1993ರಲ್ಲಿ ಶುರುವಾದ ಗಲಭೆ ತಿಂಗಳುಗಟ್ಟಲೆ ನಡೆಯಿತು. 1994ರ ವಿಧಾನಸಭಾ ಚುನಾವಣೆಯಲ್ಲಿ ಭಟ್ಕಳದ ಜನ ಬಿಜೆಪಿಯ ಡಾ. ಯು. ಚಿತ್ತರಂಜನ್ ಅವರನ್ನು ಗೆಲ್ಲಿಸಿದರು. 1996ರ ಏಪ್ರಿಲ್ 10ರಂದು, ಲೋಕಸಭಾ ಚುನಾವಣೆಯ ಪ್ರಚಾರ ಬಿರುಸಾಗಿದ್ದಾಗ, ಅವರು ತಮ್ಮ ಮನೆಯಲ್ಲೇ ಗುಂಡಿಗೆ ಬಲಿಯಾದರು. ಜನಪ್ರಿಯ ವೈದ್ಯರೂ ಆಗಿದ್ದ ಶಾಸಕರ ಕೊಲೆ ಇಡೀ ಕರಾವಳಿಯನ್ನು ಕಲಕಿತು. ಆ ಸಿಟ್ಟು, ಆ ದುಃಖದ ನಡುವೆಯೇ ಮತದಾನ ನಡೆಯಿತು. ಹೆಗಡೆ ಗೆದ್ದರು. 28 ತುಂಬುವ ತಿಂಗಳಲ್ಲೇ ಅವರು ಸಂಸತ್ತಿನ ಮೆಟ್ಟಿಲು ಹತ್ತಿದರು.

ಆ ವರ್ಷ ರಾಜ್ಯದ 28 ಕ್ಷೇತ್ರಗಳಲ್ಲಿ 16ನ್ನು ಜನತಾದಳ ಗೆದ್ದಿತ್ತು. ಬಿಜೆಪಿಗೆ ದಕ್ಕಿದ್ದು ಆರು. ಆ ಆರರಲ್ಲಿ ಇಬ್ಬರು ಅನಂತಕುಮಾರರಿದ್ದರು. ಬೆಂಗಳೂರು ದಕ್ಷಿಣದ ಅನಂತಕುಮಾರ್ ಎರಡೇ ವರ್ಷದಲ್ಲಿ ವಾಜಪೇಯಿ ಸಂಪುಟ ಸೇರಿದರು, ದೆಹಲಿಯಲ್ಲಿ ಎಲ್ಲ ಪಕ್ಷದವರೊಂದಿಗೂ ಬಳಕೆ ಬೆಳೆಸಿಕೊಂಡರು. ಶಿರಸಿಯ ಅನಂತಕುಮಾರರಿಗೆ ಮಂತ್ರಿ ಸ್ಥಾನ ಸಿಗಲು 21 ವರ್ಷ ಬೇಕಾಯಿತು.

ಒಂದು ಸೋಲು, ನಾಲ್ಕು ಗೆಲುವು

1998ರಲ್ಲಿ ಎರಡನೇ ಗೆಲುವು. ರಾಮಕೃಷ್ಣ ಹೆಗಡೆಯವರ ಲೋಕಶಕ್ತಿ ಆಗ ಬಿಜೆಪಿಯ ಜೊತೆಗಿತ್ತು. ಈ ಮೈತ್ರಿಯಿಂದ ಬಿಜೆಪಿ ರಾಜ್ಯದಲ್ಲಿ 13 ಸ್ಥಾನಕ್ಕೆ ಜಿಗಿಯಿತು. ಮರು ವರ್ಷವೇ ಮತ್ತೆ ಚುನಾವಣೆ ಬಂತು. ಎಸ್.ಎಂ. ಕೃಷ್ಣ ನಾಯಕತ್ವದ ಕಾಂಗ್ರೆಸ್ ಅಲೆಯಲ್ಲಿ ಬಿಜೆಪಿ ಏಳಕ್ಕೆ ಕುಸಿಯಿತು. ಜೋಕಿಂ ಆಳ್ವರ ಸೊಸೆ, ನಾಲ್ಕು ಅವಧಿಗೆ ರಾಜ್ಯಸಭೆಯಲ್ಲಿದ್ದ ಮಾರ್ಗರೆಟ್ ಆಳ್ವ ಅವರ ಎದುರು ಹೆಗಡೆ ಸೋತರು. ಚುನಾವಣಾ ಕಣದಲ್ಲಿ ಅವರು ಕಂಡ ಸೋಲು ಅದೊಂದೇ.

2004ರಲ್ಲಿ ಆಳ್ವ ಅವರನ್ನು ಸೋಲಿಸಿ ಮರಳಿದರು. 2009ರಲ್ಲಿ ಅದೇ ಇಬ್ಬರ ನಡುವೆ ಮತ್ತೆ ಹಣಾಹಣಿ. ಮರುವಿಂಗಡಣೆಯ ನಂತರ ಕ್ಷೇತ್ರದ ಹೆಸರು ಉತ್ತರ ಕನ್ನಡ ಎಂದಾಗಿತ್ತು. ಆ ಸಲ ಅವರು ಗೆದ್ದದ್ದು 22,769 ಮತಗಳಿಂದ. ಕಷ್ಟದ ಗೆಲುವು ಅದು. 2014ರಲ್ಲಿ ಮೋದಿ ಅಲೆ ಬಂತು. ಹಳಿಯಾಳದ ಆರ್.ವಿ. ದೇಶಪಾಂಡೆ ಅವರ ಮಗ ಪ್ರಶಾಂತ ದೇಶಪಾಂಡೆ ವಿರುದ್ಧ ಅಂತರ 1,40,700ಕ್ಕೆ ಏರಿತು. 2019ರಲ್ಲಿ ಕಾಂಗ್ರೆಸ್ ಮೈತ್ರಿ ಧರ್ಮ ಪಾಲಿಸಿ ಕ್ಷೇತ್ರವನ್ನು ಜೆಡಿಎಸ್‌ಗೆ ಬಿಟ್ಟುಕೊಟ್ಟಿತು. ಜಿಲ್ಲೆಯಲ್ಲಿ ಬೇರೇ ಇಲ್ಲದ ಪಕ್ಷದ ಅಭ್ಯರ್ಥಿಯಾಗಿ ನಿಂತ ಆನಂದ ಅಸ್ನೋಟಿಕರ್ ಅವರಿಗೆ 3,06,393 ಮತ, ಹೆಗಡೆಯವರಿಗೆ 7,86,042 ಮತ. ಅಂತರ 4,79,649.

ಅಂಕಿಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ಸಂಗತಿ ಕಾಣುತ್ತದೆ. ಸ್ವಂತ ಬಲದ ಮೇಲೆ ನಿಂತ ಕಾಲದಲ್ಲಿ ಅವರ ಗೆಲುವು ಸಣ್ಣದಿತ್ತು, ಒಮ್ಮೆ ಸೋಲೂ ಬಂತು. ಅಂತರ ಲಕ್ಷಗಳಲ್ಲಿ ಬೆಳೆದದ್ದು ರಾಷ್ಟ್ರಮಟ್ಟದ ನಾಯಕನ ಹೆಸರಿನಲ್ಲಿ ಮತ ಬೀಳತೊಡಗಿದ ಮೇಲೆ. 2004ರ ದೊಡ್ಡ ಅಂತರ ಮಾತ್ರ ಇದಕ್ಕೆ ಅಪವಾದ. ಆದರೂ ಒಟ್ಟಾರೆ ದಿಕ್ಕು ಇದೇ. ಹೆಗಡೆ ಮತ್ತು ಅವರ ಬೆಂಬಲಿಗರು ಇದನ್ನು ಓದಿಕೊಂಡದ್ದು ಬೇರೆ ಬಗೆಯಲ್ಲಿ. ತಮ್ಮ ಮಾತಿನ ಖಾರಕ್ಕೆ ಜನ ಕೊಟ್ಟ ಮುದ್ರೆ ಇದು ಎಂದು ಅವರು ನಂಬಿದರು.

ಮಾತೇ ಬಂಡವಾಳ

ಅವರ ಭಾಷಣ ಕೇಳಿದವರು ಮರೆಯುವುದಿಲ್ಲ. ಕೈಯಲ್ಲಿ ಚೀಟಿ ಇರುವುದಿಲ್ಲ, ತಡವರಿಕೆ ಇಲ್ಲ. ಸಂಸ್ಕೃತ ಬೆರೆತ ಬಿಗಿಯಾದ ಕನ್ನಡ. ಎದುರಾಳಿಯನ್ನು ಹೆಸರು ಹಿಡಿದು ಕೆಣಕುವ ಧಾಟಿ. ಪತ್ರಿಕೆಗಳು ‘ಫೈರ್‌ಬ್ರ್ಯಾಂಡ್’ ಎಂದು ಕರೆದವು. ಶಾಖೆಯಿಂದ ಬಂದ ಹುಡುಗರಿಗೆ, ಕರಾವಳಿಯ ಊರುಗಳಲ್ಲಿ ಕೋಮು ಗಲಭೆಯ ನೆನಪು ಹೊತ್ತ ಕುಟುಂಬಗಳಿಗೆ ಆ ಮಾತು ತಮ್ಮದೇ ಸಿಟ್ಟಿನ ದನಿಯಂತೆ ಕೇಳಿಸಿತು. ಅವರನ್ನು ಇಷ್ಟು ದೂರ ತಂದದ್ದು ಆ ಶಕ್ತಿಯೇ ಎಂಬುದನ್ನು ವಿರೋಧಿಗಳೂ ಒಪ್ಪುತ್ತಾರೆ.

ಆದರೆ ಆ ಸಿಟ್ಟಿಗೆ ಗುರಿಯಾದವರೂ ಇದೇ ಕ್ಷೇತ್ರದ ಮತದಾರರು. 2016ರಲ್ಲಿ ಶಿರಸಿಯ ಪತ್ರಿಕಾಗೋಷ್ಠಿಯಲ್ಲಿ ಇಸ್ಲಾಂ ಧರ್ಮವನ್ನೇ ಭಯೋತ್ಪಾದನೆಯ ಜೊತೆ ಜೋಡಿಸಿ ಮಾತಾಡಿದರು, ಪ್ರಕರಣ ದಾಖಲಾಯಿತು. 2017ರ ಜನವರಿಯಲ್ಲಿ ಶಿರಸಿಯ ಖಾಸಗಿ ಆಸ್ಪತ್ರೆಯೊಂದರಲ್ಲಿ ತಾಯಿಯ ಚಿಕಿತ್ಸೆಯ ವಿಷಯಕ್ಕೆ ವೈದ್ಯರ ಮೇಲೆ ಕೈ ಮಾಡಿದ ಸಿಸಿಟಿವಿ ದೃಶ್ಯ ದೇಶದ ಎಲ್ಲ ವಾಹಿನಿಗಳಲ್ಲಿ ಬಂತು. ಮತ್ತೊಂದು ಪ್ರಕರಣ ದಾಖಲಾಯಿತು. ಇಷ್ಟಾದರೂ ಪಕ್ಷ ಅವರನ್ನು ದೂರ ಇಡಲಿಲ್ಲ. ಅದೇ ವರ್ಷದ ಸೆಪ್ಟೆಂಬರ್ 3ರಂದು ಅವರು ಕೇಂದ್ರದಲ್ಲಿ ಕೌಶಲಾಭಿವೃದ್ಧಿ ಮತ್ತು ಉದ್ಯಮಶೀಲತೆ ಖಾತೆಯ ರಾಜ್ಯ ಸಚಿವರಾದರು.

ಸಚಿವರಾಗಿ ನಾಲ್ಕು ತಿಂಗಳು ತುಂಬುವ ಮೊದಲೇ, ಡಿಸೆಂಬರ್ 24ರಂದು, ಕೊಪ್ಪಳ ಜಿಲ್ಲೆಯ ಕುಕನೂರಿನಲ್ಲಿ ಜಾತ್ಯತೀತರೆಂದು ಹೇಳಿಕೊಳ್ಳುವವರ ಹುಟ್ಟಿನ ಬಗ್ಗೆಯೇ ಕೊಂಕು ನುಡಿದರು, ತಾವು ಬಂದಿರುವುದು ಸಂವಿಧಾನ ಬದಲಿಸಲಿಕ್ಕೆ ಎಂದರು. ಸಂವಿಧಾನದ ಮೇಲೆ ಪ್ರಮಾಣ ಮಾಡಿ ಸಚಿವರಾದವರ ಬಾಯಿಂದ ಬಂದ ಮಾತದು. ಸಂಸತ್ತಿನ ಕಲಾಪ ನಿಂತಿತು. ಸರ್ಕಾರ ಆ ಹೇಳಿಕೆಗೂ ತನಗೂ ಸಂಬಂಧವಿಲ್ಲ ಎಂದಿತು. ಡಿಸೆಂಬರ್ 28ರಂದು ಅವರು ಲೋಕಸಭೆಯಲ್ಲಿ ಕ್ಷಮೆ ಕೇಳಿದರು.

ಅದೇ ಡಿಸೆಂಬರಿನಲ್ಲಿ ಹೊನ್ನಾವರದಲ್ಲಿ ಯುವಕನೊಬ್ಬನ ಶವ ಕೆರೆಯಲ್ಲಿ ಸಿಕ್ಕಿತು. ಇದು ಕೋಮು ದ್ವೇಷದ ಕೊಲೆ ಎಂದು ಬಿಜೆಪಿ ನಾಯಕರು ಆರೋಪಿಸಿದರು. ಹೊನ್ನಾವರ, ಕುಮಟಾ ಉರಿದವು. ಡಿಸೆಂಬರ್ 12ರಂದು ಶಿರಸಿ ಬಂದ್ ಹಿಂಸೆಗೆ ತಿರುಗಿತು. ಮಾರಿಕಾಂಬೆಯ ಜಾತ್ರೆಗೆ ಎಲ್ಲ ಧರ್ಮದವರೂ ಅಂಗಡಿ ಹಾಕುತ್ತಿದ್ದ ಊರಿನ ಬೀದಿಯಲ್ಲಿ ಕಲ್ಲು ತೂರಾಟ, ಲಾಠಿ, ಅಶ್ರುವಾಯು. ಮರು ವರ್ಷದ ವಿಧಾನಸಭಾ ಚುನಾವಣೆಯಲ್ಲಿ, 2013ರಲ್ಲಿ ಜಿಲ್ಲೆಯಲ್ಲಿ ಒಂದೇ ಸ್ಥಾನ ಪಡೆದಿದ್ದ ಬಿಜೆಪಿ ನಾಲ್ಕಕ್ಕೆ ಏರಿತು. ನಾಲ್ಕು ವರ್ಷಗಳ ಬಳಿಕ, 2022ರ ಅಕ್ಟೋಬರ್‌ನಲ್ಲಿ, ತನಿಖೆ ನಡೆಸಿದ ಸಿಬಿಐ ಹೊನ್ನಾವರದ ಯುವಕನ ಸಾವು ಆಕಸ್ಮಿಕವಾಗಿ ನೀರಿಗೆ ಬಿದ್ದು ಆದದ್ದು ಎಂದು ನ್ಯಾಯಾಲಯಕ್ಕೆ ವರದಿ ಕೊಟ್ಟಿತು. ಅಷ್ಟರಲ್ಲಿ ಗಲಭೆಯ ಪ್ರಕರಣಗಳಲ್ಲಿ ಸಿಲುಕಿದ ಹುಡುಗರು ಕೋರ್ಟು ಅಲೆಯುತ್ತಿದ್ದರು.

2019ರ ಮೇ ತಿಂಗಳಲ್ಲಿ, ಮತದಾನ ಮುಗಿದು ಫಲಿತಾಂಶಕ್ಕೆ ಕಾಯುತ್ತಿದ್ದಾಗ, ನಾಥೂರಾಮ್ ಗೋಡ್ಸೆ ಕುರಿತ ಚರ್ಚೆಯನ್ನು ಸ್ವಾಗತಿಸುವ ಟ್ವೀಟ್ ಅವರ ಖಾತೆಯಲ್ಲಿ ಕಾಣಿಸಿತು. ಖಾತೆ ಹ್ಯಾಕ್ ಆಗಿತ್ತು ಎಂದು ಅವರು ಹೇಳಿದರು. ಪ್ರಜ್ಞಾ ಠಾಕೂರ್, ನಳಿನ್ ಕುಮಾರ್ ಕಟೀಲ್ ಅವರ ಜೊತೆ ಹೆಗಡೆ ಪ್ರಕರಣವನ್ನೂ ಅಮಿತ್ ಶಾ ಶಿಸ್ತು ಸಮಿತಿಗೆ ಕಳಿಸಿದರು. ಮೇ 30ರಂದು ಮೋದಿಯವರ ಎರಡನೇ ಸಂಪುಟ ಪ್ರಮಾಣ ವಚನ ಸ್ವೀಕರಿಸಿತು. ಸುಮಾರು 4.8 ಲಕ್ಷದ ಅಂತರದಿಂದ ಗೆದ್ದವರಿಗೆ ಅದರಲ್ಲಿ ಜಾಗವಿರಲಿಲ್ಲ. ಇಳಿಗಾಲ ನಿಜವಾಗಿ ಶುರುವಾದದ್ದು ಆ ದಿನ.

ಮಾವಿನಗುಂಡಿಯ ನೆಲದಲ್ಲಿ

2020ರ ಫೆಬ್ರುವರಿಯಲ್ಲಿ ಬೆಂಗಳೂರಿನ ಸಭೆಯೊಂದರಲ್ಲಿ ಅವರು ಸ್ವಾತಂತ್ರ್ಯ ಚಳವಳಿ ಬ್ರಿಟಿಷರ ಒಪ್ಪಿಗೆ ಪಡೆದು ನಡೆಸಿದ ನಾಟಕ ಎಂಬರ್ಥದಲ್ಲಿ ಮಾತಾಡಿದರು. ಉಪವಾಸ, ಸತ್ಯಾಗ್ರಹಗಳನ್ನೂ ಅದೇ ಪಟ್ಟಿಗೆ ಸೇರಿಸಿದರು. ಪಕ್ಷ ಕಾರಣ ಕೇಳಿ ನೋಟಿಸ್ ಕೊಟ್ಟಿತು. ತಾನು ಗಾಂಧೀಜಿಯ ಹೆಸರು ಹೇಳಿಲ್ಲ ಎಂದು ಅವರು ಸಮಜಾಯಿಷಿ ನೀಡಿದರು.

ಈ ಮಾತು ಬೇರೆ ಯಾವ ಕ್ಷೇತ್ರದ ಸಂಸದರಿಂದ ಬಂದಿದ್ದರೂ ನೋಯಿಸುತ್ತಿತ್ತು. ಉತ್ತರ ಕನ್ನಡದ ಸಂಸದರಿಂದ ಬಂದದ್ದು ಇನ್ನೂ ಆಳಕ್ಕೆ ತಾಗುವಂಥದ್ದು. 1930ರ ದಶಕದ ಆರಂಭದಲ್ಲಿ ಅಂಕೋಲಾ ಮತ್ತು ಸಿದ್ದಾಪುರ ಸೀಮೆಯ ರೈತರು ಕರ ನಿರಾಕರಿಸಿದರು. ಜಮೀನು, ಪಾತ್ರೆ, ದನಕರು ಜಪ್ತಿಯಾಗಿ ಹರಾಜಿಗೆ ಬಂದವು. ಮನೆಗೆ ಮನೆಯೇ ಜೈಲಿಗೆ ಹೋಯಿತು. ಜಪ್ತಿಯಾದ ಆಸ್ತಿಯನ್ನು ಕೊಂಡವರ ಮನೆಯೆದುರು ಹೆಂಗಸರು ಉಪವಾಸ ಕುಳಿತರು. ಜೋಗದ ದಾರಿಯಲ್ಲಿರುವ ಮಾವಿನಗುಂಡಿಯಲ್ಲಿ ಆ ಮಹಿಳೆಯರ ಸತ್ಯಾಗ್ರಹಕ್ಕೆ ಸ್ಮಾರಕವಿದೆ. ಹೆಗಡೆಯವರಿಗೆ ಆರು ಸಲ ಮತ ಹಾಕಿದ ಎಷ್ಟೋ ಮನೆಗಳಲ್ಲಿ ಅಜ್ಜ ಜೈಲಿಗೆ ಹೋದ, ಅಜ್ಜಿ ಪಾತ್ರೆ ಕಳೆದುಕೊಂಡ ಕಥೆ ಇಂದಿಗೂ ಉಳಿದಿದೆ. ಅವರ ಕಷ್ಟ ನಾಟಕವಾಗಿರಲಿಲ್ಲ.

ಅದೇ ವರ್ಷ ಆಗಸ್ಟ್‌ನಲ್ಲಿ ಕುಮಟಾದಲ್ಲಿ ಬಿಎಸ್‌ಎನ್‌ಎಲ್ ನೌಕರರನ್ನು ದೇಶದ್ರೋಹಿಗಳೆಂದು ಕರೆದರು. ಆಮೇಲೆ ಅವರು ಸಾರ್ವಜನಿಕವಾಗಿ ಕಾಣಿಸುವುದೇ ವಿರಳವಾಯಿತು. ಆರೋಗ್ಯ ಸರಿಯಿಲ್ಲ ಎಂಬ ಮಾತಿತ್ತು, ರಾಜಕಾರಣ ಬಿಡುತ್ತಾರೆ ಎಂಬ ಮಾತೂ ಇತ್ತು. 2023ರ ವಿಧಾನಸಭಾ ಚುನಾವಣೆಯಲ್ಲಿ ಪ್ರಧಾನಿ ಅಂಕೋಲಾಕ್ಕೆ ಬಂದಾಗಲೂ ಸ್ಥಳೀಯ ಸಂಸದರು ವೇದಿಕೆಯಲ್ಲಿ ಇರಲಿಲ್ಲ. ಜಿಲ್ಲೆಯ ಆರು ಸ್ಥಾನಗಳಲ್ಲಿ ಬಿಜೆಪಿಗೆ ಉಳಿದದ್ದು ಕುಮಟಾ ಮತ್ತು ಯಲ್ಲಾಪುರ. ಕುಮಟಾದ ಅಂತರ ಕೇವಲ 676 ಮತ. ಶಿರಸಿ–ಸಿದ್ದಾಪುರದಲ್ಲಿ ವಿಧಾನಸಭೆಯ ಅಧ್ಯಕ್ಷರಾಗಿದ್ದ ಕಾಗೇರಿಯವರೇ ಕಾಂಗ್ರೆಸ್ಸಿನ ಭೀಮಣ್ಣ ನಾಯ್ಕ ಎದುರು ಸೋತರು.

ಹಲಗೇರಿಯ ಭಾಷಣ

2024 ಹುಟ್ಟುತ್ತಲೇ ಹೆಗಡೆ ಮತ್ತೆ ಓಡಾಟ ಶುರುಮಾಡಿದರು. ಜನವರಿಯಲ್ಲಿ ಕುಮಟಾದಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರನ್ನು ಏಕವಚನದಲ್ಲಿ ಹೀಗಳೆದರು, ಭಟ್ಕಳದ ಮಸೀದಿಗೂ ಬಾಬರಿಯ ಗತಿ ಬರುತ್ತದೆ ಎಂಬರ್ಥದಲ್ಲಿ ಮಾತಾಡಿದರು. ಪೊಲೀಸರು ಸ್ವಯಂಪ್ರೇರಿತ ಪ್ರಕರಣ ದಾಖಲಿಸಿದರು. ಮಾರ್ಚ್ ಎರಡನೇ ವಾರದ ಹೊತ್ತಿಗೆ ಸಿದ್ದಾಪುರ ತಾಲ್ಲೂಕಿನ ಹಲಗೇರಿಯಲ್ಲಿ ಪಕ್ಷದ ಸಭೆ. ಸಂವಿಧಾನದಲ್ಲಿ ಕಾಂಗ್ರೆಸ್ ಬೇಡದ್ದನ್ನೆಲ್ಲ ತುರುಕಿದೆ, ಅದನ್ನು ಬದಲಿಸಬೇಕಾದರೆ ಎರಡೂ ಸದನಗಳಲ್ಲಿ ಮೂರನೇ ಎರಡು ಬಹುಮತ ಬೇಕು, ರಾಜ್ಯಗಳೂ ಕೈಯಲ್ಲಿರಬೇಕು, ಅದಕ್ಕೇ 400 ಸ್ಥಾನ ಬೇಕು ಎಂದು ಅವರು ಹೇಳಿದರು.

ಹಳ್ಳಿಯ ಸಭೆಯ ಆ ಮಾತು ಒಂದೇ ದಿನದಲ್ಲಿ ದೇಶದ ಚರ್ಚೆಯಾಯಿತು. ಆಗ ಬಿಜೆಪಿ ಎಲ್ಲೆಡೆ ‘400ರ ಗಡಿ ದಾಟುತ್ತೇವೆ’ ಎಂದು ಪ್ರಚಾರ ಮಾಡುತ್ತಿತ್ತು. ಆ 400 ಯಾತಕ್ಕೆ ಎಂಬ ಪ್ರಶ್ನೆಗೆ ಅದರದೇ ಸಂಸದರು ಉತ್ತರ ಕೊಟ್ಟಂತಾಯಿತು. ಬಿಜೆಪಿ ಇದು ಅವರ ವೈಯಕ್ತಿಕ ಅಭಿಪ್ರಾಯ ಎಂದು ತಕ್ಷಣ ದೂರ ಸರಿಯಿತು, ವಿವರಣೆ ಕೇಳುತ್ತೇವೆ ಎಂದಿತು. ಆದರೆ ರಾಹುಲ್ ಗಾಂಧಿ ಸಂವಿಧಾನದ ಪುಸ್ತಕವನ್ನು ಕೈಯಲ್ಲಿ ಹಿಡಿದು ದೇಶ ಸುತ್ತಿದರು. ಮೀಸಲಾತಿ ಹೋಗಬಹುದು ಎಂಬ ಆತಂಕ ಉತ್ತರ ಪ್ರದೇಶದ ದಲಿತ ಕೇರಿಗಳವರೆಗೆ ಹಬ್ಬಿತು. ಅಯೋಧ್ಯೆ ಇರುವ ಫೈಜಾಬಾದ್ ಕ್ಷೇತ್ರದಲ್ಲಿ ಇಂಥದೇ ಮಾತಾಡಿದ ಬಿಜೆಪಿಯ ಲಲ್ಲೂ ಸಿಂಗ್ ಸೋತರು. ಬಿಜೆಪಿ 240ಕ್ಕೆ ನಿಂತಿತು. ಈ ಹಿನ್ನಡೆಗೆ ಹಲವು ಕಾರಣಗಳಿದ್ದವು. ಸಂವಿಧಾನದ ಪ್ರಶ್ನೆ ಅವುಗಳಲ್ಲಿ ಮುಖ್ಯವಾದದ್ದು ಎಂದು ಹಲವು ವಿಶ್ಲೇಷಕರು ಹೇಳಿದರು.

ಹಲಗೇರಿಯ ಸಭೆಗೂ ಐದನೇ ಪಟ್ಟಿಗೂ ನಡುವೆ ಸುಮಾರು ಎರಡು ವಾರ. ಟಿಕೆಟ್ ತಪ್ಪಿದ್ದು ಆ ಒಂದು ಮಾತಿನಿಂದಲೇ ಎಂದು ಪಕ್ಷ ಎಲ್ಲೂ ಹೇಳಿಲ್ಲ. ವರ್ಷಗಟ್ಟಲೆಯ ಗೈರುಹಾಜರಿ, ಕಾರ್ಯಕರ್ತರ ಬೇಸರ ಎಲ್ಲವೂ ಲೆಕ್ಕಕ್ಕೆ ಬಂದಿರಬೇಕು. ಆದರೆ 2017ರಲ್ಲಿ ಕ್ಷಮೆ ಕೇಳಿದ ಮಾತನ್ನೇ ಆರು ವರ್ಷದ ನಂತರ ಚುನಾವಣೆಯ ಹೊಸ್ತಿಲಲ್ಲಿ ಮತ್ತೆ ಆಡಿದವರನ್ನು ಸಮರ್ಥಿಸುವುದು ಪಕ್ಷಕ್ಕೆ ಕಷ್ಟವಿತ್ತು. ಏಪ್ರಿಲ್ 28ರಂದು ಶಿರಸಿಯಲ್ಲಿ ಪ್ರಧಾನಿಯ ಬೃಹತ್ ಸಭೆ ನಡೆದಾಗ ಅದೇ ಊರಿನ ಹೆಗಡೆ ಅಲ್ಲಿರಲಿಲ್ಲ. ಕಾಗೇರಿಯವರ ಪರ ಅವರು ಪ್ರಚಾರಕ್ಕೂ ಇಳಿಯಲಿಲ್ಲ. ಯಲ್ಲಾಪುರದ ಬಿಜೆಪಿ ಶಾಸಕ ಶಿವರಾಮ ಹೆಬ್ಬಾರ್ ಕೂಡ ಪಕ್ಷದಿಂದ ದೂರವೇ ಉಳಿದಿದ್ದರು, ಅವರ ಮಗ ಕಾಂಗ್ರೆಸ್ ಸೇರಿದ್ದರು.

ಮತ ಯಾರದ್ದು?

ಇಷ್ಟೆಲ್ಲ ಇದ್ದರೂ ಮೇ 7ರಂದು ಮತದಾನ ನಡೆದು ಜೂನ್ 4ರಂದು ಎಣಿಕೆ ಮುಗಿದಾಗ ಕಾಗೇರಿ ಪಡೆದ ಮತ 7,82,495. ಎದುರಾಳಿ ಕಾಂಗ್ರೆಸ್ಸಿನ ಡಾ. ಅಂಜಲಿ ನಿಂಬಾಳ್ಕರ್ ಅವರಿಗೆ 4,45,067. ಅಂತರ 3,37,428.

ಈಗ ಎರಡು ಸಂಖ್ಯೆಗಳನ್ನು ಪಕ್ಕದಲ್ಲಿ ಇಡಬೇಕು. 2019ರಲ್ಲಿ ಹೆಗಡೆಗೆ ಬಿದ್ದದ್ದು 7,86,042. 2024ರಲ್ಲಿ ಕಾಗೇರಿಗೆ ಬಿದ್ದದ್ದು 7,82,495. ವ್ಯತ್ಯಾಸ 3,547. ಮತದಾರರ ಪಟ್ಟಿ ಬೆಳೆದಿತ್ತು, ಜೆಡಿಎಸ್ ಈ ಸಲ ಬಿಜೆಪಿಯ ಜೊತೆಗಿತ್ತು, ಹಾಗಾಗಿ ಹೋಲಿಕೆ ಪೂರ್ತಿ ನೇರವಲ್ಲ. ಆದರೂ ಇದರ ಅರ್ಥ ಸ್ಪಷ್ಟ. ಆರು ಸಲದ ಸಂಸದರು ಹೊರಗೆ ಕುಳಿತರು, ಅವರ ಮತ ಅವರೊಂದಿಗೆ ಹೊರಗೆ ಹೋಗಲಿಲ್ಲ. ತಮ್ಮದೆಂದು ಅವರು ನಂಬಿದ್ದ ಮತರಾಶಿ ಪಕ್ಷದ ಚಿಹ್ನೆಯದ್ದಾಗಿತ್ತು, ಪ್ರಧಾನಿಯ ಹೆಸರಿನದ್ದಾಗಿತ್ತು.

ಅಮೆರಿಕದಲ್ಲಿ ಇದಕ್ಕೆ ಹತ್ತಿರದ ಒಂದು ಉದಾಹರಣೆಯಿದೆ. ಅಯೋವಾ ರಾಜ್ಯದ ರಿಪಬ್ಲಿಕನ್ ಸಂಸದ ಸ್ಟೀವ್ ಕಿಂಗ್ 2002ರಿಂದ ಸತತ ಒಂಬತ್ತು ಸಲ ಗೆದ್ದವರು. ವಲಸಿಗರ ವಿರುದ್ಧದ ಕಟು ಮಾತಿಗೆ ಹೆಸರಾದವರು. 2019ರ ಜನವರಿಯಲ್ಲಿ ಬಿಳಿಯರ ಶ್ರೇಷ್ಠತೆಯ ಕುರಿತು ಪತ್ರಿಕೆಯೊಂದಕ್ಕೆ ಆಡಿದ ಮಾತಿನಿಂದ ಅವರದೇ ಪಕ್ಷ ಅವರನ್ನು ಸಂಸತ್ತಿನ ಎಲ್ಲ ಸಮಿತಿಗಳಿಂದ ಕೈಬಿಟ್ಟಿತು. 2020ರ ಜೂನ್‌ನಲ್ಲಿ ಪಕ್ಷದೊಳಗಿನ ಅಭ್ಯರ್ಥಿ ಆಯ್ಕೆಯ ಚುನಾವಣೆಯಲ್ಲಿ ಅವರು ಸೋತರು. ಸಮಿತಿಯಲ್ಲಿ ಜಾಗವಿಲ್ಲದ ಸಂಸದ ನಮ್ಮ ರೈತರಿಗೆ ಏನು ಮಾಡಿಯಾರು ಎಂಬುದು ಅಲ್ಲಿ ಪ್ರತಿಸ್ಪರ್ಧಿಯ ಮುಖ್ಯ ವಾದವಾಗಿತ್ತು. ಅಲ್ಲಿ ಅಭ್ಯರ್ಥಿಯನ್ನು ಬದಲಿಸಿದವರು ಕ್ಷೇತ್ರದ ಜನ. ಇಲ್ಲಿ ಆ ತೀರ್ಮಾನ ಆದದ್ದು ದೆಹಲಿಯ ಕಚೇರಿಯಲ್ಲಿ. ಶಿರಸಿಯ ಬೂತ್ ಮಟ್ಟದ ಕಾರ್ಯಕರ್ತ ಕೂಡ ಅದನ್ನು ಟಿವಿಯಲ್ಲಿ ನೋಡಿ ತಿಳಿದ. ನಮ್ಮ ಎಲ್ಲ ಪಕ್ಷಗಳಲ್ಲೂ ಪದ್ಧತಿ ಇದೇ. ಮಾತಿನ ತಪ್ಪಿಗೆ ಶಿಕ್ಷೆ ಆದದ್ದು ಸರಿ. ಕೆಲಸದ ಲೆಕ್ಕ ಕೇಳುವ ಸಂದರ್ಭ ಮಾತ್ರ ಜನರ ಕೈಗೆ ಬರಲೇ ಇಲ್ಲ.

ದೆಹಲಿಯಲ್ಲಿ ಆಡಬೇಕಿದ್ದ ಮಾತು

ಆ ಲೆಕ್ಕ ದೊಡ್ಡದಿದೆ. ಘಟ್ಟದ ಮೇಲಿನ ತಾಲ್ಲೂಕುಗಳಲ್ಲಿ ಕಾಡಂಚಿನ ತುಂಡು ಜಮೀನು ಸಾಗುವಳಿ ಮಾಡಿಕೊಂಡು ಬಂದ ಕುಟುಂಬಗಳು ಸಾವಿರಾರು. ಸರ್ಕಾರಿ ಭಾಷೆಯಲ್ಲಿ ಅವರು ಅತಿಕ್ರಮಣದಾರರು. ಶಿರಸಿಯ ಎ.ಸಿ. ಆಫೀಸಿನ ಎದುರು ಪ್ಲಾಸ್ಟಿಕ್ ಚೀಲದಲ್ಲಿ ಕಾಗದ ಹಿಡಿದು ನಿಲ್ಲುವ ಮುದುಕರನ್ನು ನೋಡಿದರೆ ಅವರ ಪಾಡು ತಿಳಿಯುತ್ತದೆ. ಜಿಪಿಎಸ್ ಸರ್ವೆಯ ನಕಲು, ಗ್ರಾಮ ಅರಣ್ಯ ಹಕ್ಕು ಸಮಿತಿಯ ಠರಾವು, ಹಳೆಯ ದಂಡದ ರಸೀದಿ. ಆದರೂ ಅರ್ಜಿ ತಿರಸ್ಕೃತ. ಕಾರಣ, ಪರಿಶಿಷ್ಟ ಪಂಗಡಕ್ಕೆ ಸೇರದವರು ಮೂರು ತಲೆಮಾರು, ಅಂದರೆ 75 ವರ್ಷ ಅಲ್ಲೇ ನೆಲೆಸಿದ್ದಕ್ಕೆ ಸಾಕ್ಷ್ಯ ಕೊಡಬೇಕು ಎಂಬ ಷರತ್ತು. ಅರಣ್ಯ ಹಕ್ಕು ಕಾಯ್ದೆ ಸಂಸತ್ತಿನಲ್ಲಿ ಪಾಸಾದದ್ದು 2006ರ ಡಿಸೆಂಬರಿನಲ್ಲಿ. ಆಗ ಈ ಕ್ಷೇತ್ರದ ಸಂಸದರು ಹೆಗಡೆ. ಆ ಷರತ್ತು ಸಡಿಲಿಸುವ ಅಧಿಕಾರ ಇರುವುದೂ ಸಂಸತ್ತಿಗೇ.

ಇನ್ನು ಅಡಿಕೆ. ಶಿರಸಿಯ ಎಪಿಎಂಸಿ ಅಂಗಳದಲ್ಲಿ ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟಿನ ಟೆಂಡರ್ ದರ ಏರಿಳಿಯುವುದು ಬರೀ ಮಳೆ ಮತ್ತು ಕೊಳೆರೋಗದಿಂದಲ್ಲ. ವಿದೇಶಿ ಅಡಿಕೆಗೆ ಕೇಂದ್ರ ಕಟ್ಟುವ ಕನಿಷ್ಠ ಆಮದು ಬೆಲೆಯಿಂದಲೂ. 2022ರ ಸೆಪ್ಟೆಂಬರ್‌ನಲ್ಲಿ ಭೂತಾನದಿಂದ ಪ್ರತಿ ವರ್ಷ 17,000 ಟನ್ ಹಸಿ ಅಡಿಕೆಯನ್ನು ಆ ಬೆಲೆಯ ಷರತ್ತಿಲ್ಲದೆ ತರಿಸಲು ಕೇಂದ್ರ ಒಪ್ಪಿಗೆ ಕೊಟ್ಟಾಗ ಮಲೆನಾಡು ನಡುಗಿತು. 2023ರ ಫೆಬ್ರುವರಿಯಲ್ಲಿ ಕನಿಷ್ಠ ಆಮದು ಬೆಲೆ ಕಿಲೋಗೆ 251ರಿಂದ 351 ರೂಪಾಯಿಗೆ ಏರಿದಾಗ ಉಸಿರಾಡಿತು. ಎರಡೂ ತೀರ್ಮಾನ ಆದದ್ದು ದೆಹಲಿಯಲ್ಲಿ. ಎಲೆಚುಕ್ಕಿ ರೋಗಕ್ಕೆ ಸಂಶೋಧನೆ, ಪರಿಹಾರ ಬರಬೇಕಾದದ್ದೂ ಬಹುಪಾಲು ಅಲ್ಲಿಂದಲೇ.

ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗ ಹೆಗಡೆ ಸಂಸದರಾದ ಕಾಲಕ್ಕೇ ಮಂಜೂರಾದದ್ದು. ಹುಬ್ಬಳ್ಳಿ ಕಡೆಯಿಂದ ಯಲ್ಲಾಪುರ ತಾಲ್ಲೂಕಿನ ಕಿರವತ್ತಿಯ ದಿಕ್ಕಿಗೆ ಸ್ವಲ್ಪ ಕೆಲಸವಾಗಿ ನಿಂತಿತು. ಸುಮಾರು 600 ಹೆಕ್ಟೇರ್ ಕಾಡು ಹೋಗುತ್ತದೆ ಎಂಬ ಪರಿಸರವಾದಿಗಳ ಆಕ್ಷೇಪಕ್ಕೆ ತೂಕವಿದೆ. ಮರಗಳನ್ನು ಉಳಿಸಲು ಸಲ್ಕಣಿಯಲ್ಲಿ 1983ರಲ್ಲಿ ಅಪ್ಪಿಕೋ ಚಳವಳಿ ಹುಟ್ಟಿದ ಜಿಲ್ಲೆ ಇದು. ಬೇಕು ಎಂದಾದರೆ ಹೇಗೆ, ಬೇಡ ಎಂದಾದರೆ ಬದಲಿ ಏನು ಎಂಬ ಪ್ರಶ್ನೆಯನ್ನು ಊರೂರಿಗೆ ಒಯ್ದು ಒಂದು ತೀರ್ಮಾನಕ್ಕೆ ತರುವುದು ಸಂಸದರ ಕೆಲಸವಾಗಿತ್ತು. ಎರಡು ದಶಕ ದಾಟಿದರೂ ಅದು ಆಗಲಿಲ್ಲ. ಹೆದ್ದಾರಿಗಳ ಅಗಲೀಕರಣ, ಶಿರಸಿ–ಕುಮಟಾ ರಸ್ತೆಯಂಥ ಕಾಮಗಾರಿಗಳನ್ನು ಅವರ ಬೆಂಬಲಿಗರು ಎತ್ತಿ ಹೇಳುತ್ತಾರೆ. ಅವು ಲೆಕ್ಕಕ್ಕೆ ಸೇರಬೇಕು, ನಿಜ.

ಆಸ್ಪತ್ರೆಯ ವಿಷಯ ಎಲ್ಲಕ್ಕಿಂತ ನೋವಿನದು. ಯಲ್ಲಾಪುರದಲ್ಲಿ ಎದೆನೋವು ಬಂದವರನ್ನು ಹುಬ್ಬಳ್ಳಿಗೆ ಒಯ್ಯಬೇಕು, ಸಿದ್ದಾಪುರದವರನ್ನು ಶಿವಮೊಗ್ಗಕ್ಕೋ ಮಣಿಪಾಲಕ್ಕೋ. ಘಟ್ಟದ ತಿರುವುಗಳಲ್ಲಿ, ಮಳೆಗಾಲದ ಮಣ್ಣು ಕುಸಿತದ ನಡುವೆ ಆ ಎರಡು ಮೂರು ಗಂಟೆಯೇ ಜೀವ ತೀರ್ಮಾನಿಸುತ್ತದೆ. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕುಂದಾಪುರಕ್ಕೆ ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರಿನ ಟೋಲ್‌ಗೇಟಿಗೆ ಡಿಕ್ಕಿ ಹೊಡೆದು ನಾಲ್ವರು ಸತ್ತರು. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಎಂದು ಜಿಲ್ಲೆಯ ಯುವಜನ ಸಾಮಾಜಿಕ ಜಾಲತಾಣಗಳಲ್ಲಿ ದೊಡ್ಡ ಅಭಿಯಾನವನ್ನೇ ನಡೆಸಿದರು. ಆಸ್ಪತ್ರೆ ರಾಜ್ಯದ ಹೊಣೆಯೂ ಹೌದು, ಎಲ್ಲ ಪಕ್ಷದ ಸರ್ಕಾರಗಳಿಗೂ ಇದರಲ್ಲಿ ಪಾಲಿದೆ. ಆದರೆ 23 ವರ್ಷ ಸಂಸದರಾಗಿದ್ದ, ಅದರಲ್ಲಿ ಕೊನೆಯ ಹತ್ತು ವರ್ಷ ಆಳುವ ಪಕ್ಷದಲ್ಲೇ ಇದ್ದ ನಾಯಕರ ದನಿ ಈ ಬೇಡಿಕೆಯ ಹಿಂದೆ ನಿಂತಿದ್ದರೆ ದೆಹಲಿಗೆ ಕೇಳಿಸದೆ ಇರುತ್ತಿರಲಿಲ್ಲ. ಅಂಥ ದನಿ ಅವರಿಗಿತ್ತು. ಬಳಕೆಯಾದದ್ದು ಬೇರೆಯದಕ್ಕೆ.

ಅನಂತಕುಮಾರ ಹೆಗಡೆಯವರ ಪತನವನ್ನು ಒಬ್ಬ ವ್ಯಕ್ತಿಯ ಕಥೆಯೆಂದು ಮುಗಿಸಿದರೆ ಜಿಲ್ಲೆಗೆ ಅದರಿಂದ ಲಾಭವಿಲ್ಲ. ಅವರ ಸಿಡಿಮಾತಿಗೆ ಚಪ್ಪಾಳೆ ತಟ್ಟಿದವರು ಜನ, ಮಾತು ಲಾಭ ತಂದಷ್ಟು ಕಾಲ ಸುಮ್ಮನಿದ್ದದ್ದು ಪಕ್ಷ, ಬಲವಾದ ಅಭ್ಯರ್ಥಿಯನ್ನು ನಿಲ್ಲಿಸಲಾಗದೆ ಹೋದದ್ದು ವಿರೋಧ ಪಕ್ಷ. ಈಗಿನ ಸಂಸದರು ಅನುಭವಿಗಳು, ಆರು ಸಲ ಶಾಸಕರಾಗಿದ್ದವರು, ಸದನ ನಡೆಸಿದವರು. ಮುಂದಿನ ಚುನಾವಣೆ 2029ಕ್ಕೆ. ಅಷ್ಟರೊಳಗೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಮತದಾರರು 75 ವರ್ಷದ ಷರತ್ತು, ಅಡಿಕೆಯ ಆಮದು, ರೈಲಿನ ತೀರ್ಮಾನ, ಆಸ್ಪತ್ರೆ ಈ ನಾಲ್ಕನ್ನು ಬರೆದುಕೊಂಡು, ಸಂಸದರು ಊರಿಗೆ ಬಂದಾಗಲೆಲ್ಲ ಎದುರು ಕೂತು ಕೇಳಬೇಕು. ಲೋಕಸಭೆಯಲ್ಲಿ ಇವುಗಳ ಬಗ್ಗೆ ಎಷ್ಟು ಸಲ ಎದ್ದು ನಿಂತಿರಿ, ಏನು ಉತ್ತರ ಬಂತು ಎಂದು ವಿಚಾರಿಸಬೇಕು. ಟಿಕೆಟ್ ಯಾರಿಗೆ ಎಂಬುದನ್ನು ದೆಹಲಿ ತೀರ್ಮಾನಿಸುತ್ತದೆ. ಲೆಕ್ಕ ಕೇಳುವ ಹಕ್ಕು ಮತದಾರರದು, ಅದನ್ನು ಅವರು ಬಿಟ್ಟುಕೊಡಬಾರದು.